ಕರೆಂಟ್ ಹಚ್ರಿ ಮೇಡಂ

ನನ್ನ ಕ್ಲಿನಿಕ್‌ಗೆ ಬರುವವರು ಕೂತ ಕೂಡಲೇ ಹೇಳುವ ಮೊದಲ ಮಾತು ಇದು. ಲಕ್ವಾ ಹೊಡೆದು ಕೈ ಬಿದ್ದಿರಲಿ, ಬೈಕ್ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿರಲಿ, ಎಲ್ಲರಿಗೂ ಕರೆಂಟ್ ಬೇಕು. ಎರಡು ಪ್ಯಾಡ್ ಅಂಟಿಸಿ ಸ್ವಿಚ್ ಹಾಕಿದರೆ ಬೆರಳು ತಾನಾಗೇ ಮೇಲೇಳುತ್ತದಲ್ಲ, ಅದನ್ನು ನೋಡುವಾಗ ಮನೆಯವರ ಮುಖ ಹೇಗೆ ಅರಳುತ್ತದೆ ಅಂತ ನನಗೆ ಗೊತ್ತು. ತಿಂಗಳಿಂದ ಅಲ್ಲಾಡದ ಕೈ ಅಲ್ಲಾಡಿತು ಅಂದರೆ ಯಾರಿಗಾದರೂ ಹಾಗೇ ಆಗುತ್ತದೆ. ಈ ಮಾತಿಗೆ ನಾನು ಯಾವತ್ತೂ ಸಿಟ್ಟು ಮಾಡಿಕೊಂಡಿಲ್ಲ.

ಹದಿಮೂರು ವರ್ಷದಿಂದ ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಈ ಕರೆಂಟಿನ ಬಗ್ಗೆ, ಈಗ ಬರುತ್ತಿರುವ ರೋಬೋಗಳ ಬಗ್ಗೆ, ಮಿದುಳಿಗೆ ಜೋಡಿಸುವ ಯಂತ್ರಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಒಂದು ಕಡೆ ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು. ಒಬ್ಬ ಮುತ್ಯಾನ, ಅಂದರೆ ಅಜ್ಜನ, ವಿಷಯ ಹೇಳುತ್ತಾ ಬರೆಯುತ್ತೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮುತ್ಯಾ ಆಳಂದ ಕಡೆಯ ರೈತ. ವಯಸ್ಸು 64. ತೊಗರಿ ರಾಶಿ ನಡೆದಿತ್ತು. ಬೆಳಗಿನ ಜಾವ ಎದ್ದು ಚರಿಗಿ ಎತ್ತಲು ಹೋದರೆ ಬಲಗೈ ಹಿಡಿಯಲಿಲ್ಲ. ಬಾಯಿ ಸೊಟ್ಟಾಯಿತು. ಮಾತು ನಿಂತಿತು. ಇದು ಲಕ್ವಾ ಅಂತ ಮನೆಯವರಿಗೆ ತಕ್ಷಣ ಗೊತ್ತಾಯಿತು. ಆದರೆ ನಮ್ಮ ಕಡೆ ಲಕ್ವಾ ಅಂದರೆ ಆಸ್ಪತ್ರೆ ನೆನಪಾಗುವುದಿಲ್ಲ, ಔಷಧಿ ಕೊಡುವ ಊರು ನೆನಪಾಗುತ್ತದೆ. ಜೀಪು ಮಾಡಿಕೊಂಡು ಅಲ್ಲಿಗೇ ಹೋದರು. ಪಾರಿವಾಳದ ರಕ್ತ ಹಚ್ಚಿ ತಿಕ್ಕಿಸಿದರು. ಕಲಬುರಗಿ ಮುಟ್ಟಿದ್ದು ಮರುದಿನ ಮಧ್ಯಾಹ್ನ.

ಮುಂದೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ಮಿದುಳಿನ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲ ಅಂತ ನೋಡಿಕೊಂಡ ಮೇಲೆ. ದೊಡ್ಡ ನಾಳ ಮುಚ್ಚಿಕೊಂಡು ಚಿಕಿತ್ಸೆ ಸಿಗದೇ ಇದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲೇ ಲೆಕ್ಕ ಹಾಕಿ ಹೇಳಿದ್ದಾರೆ. ಮುಖ ಸೊಟ್ಟಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಆ ಕ್ಷಣದಲ್ಲಿ ಗಡಿಯಾರ ನೋಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ. 108ಕ್ಕೆ ಫೋನ್ ಮಾಡಿ. ಪಾರಿವಾಳ ಪಾಪ, ಅದನ್ನು ಬಿಟ್ಟುಬಿಡಿ.

ಮುತ್ಯಾ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಜೀವ ಉಳಿಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಏಳು ಮಾತ್ರೆಗಳ ಹೆಸರು, ಹೊತ್ತು, ಎಲ್ಲಾ ಸರಿಯಾಗಿ ಬರೆದಿತ್ತು. ಕೊನೆಯಲ್ಲಿ ಒಂದೇ ಒಂದು ಶಬ್ದ, 'ಫಿಸಿಯೋಥೆರಪಿ'. ಎಲ್ಲಿ, ಯಾವಾಗ, ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಅನ್ನುವುದು ಇರಲಿಲ್ಲ. ಯಾರೂ ಬಾಯಿಮಾತಿನಲ್ಲೂ ಹೇಳಿರಲಿಲ್ಲ.

ಹಾಗಾಗಿ ಮನೆಯವರು ತಮಗೆ ತಿಳಿದಷ್ಟು ಮಾಡಿದರು. ಮಗ ದಿನಾ ಬಲಗೈ ಹಿಡಿದು ಎಳೆದು ಎಬ್ಬಿಸಿ ಕೂರಿಸುತ್ತಿದ್ದ. ಪಕ್ಕದ ಮನೆಯವರು ಹಳೇ ಬಾವಿಯ ರಾಟಿ ತಂದು ತೊಲೆಗೆ ಕಟ್ಟಿಕೊಟ್ಟರು. ಹಗ್ಗದ ಒಂದು ತುದಿ ಎಡಗೈಯಲ್ಲಿ, ಇನ್ನೊಂದು ತುದಿಗೆ ಬಲಗೈ ಕಟ್ಟಿ, ಎಡಗೈಯಿಂದ ಎಳೆದು ಬಲಗೈ ಎತ್ತುವುದು. ಬೆಳಿಗ್ಗೆ ನೂರು, ಸಂಜೆ ನೂರು. ಎಷ್ಟು ಪ್ರೀತಿಯಿಂದ ಮಾಡಿದ ಕೆಲಸ ನೋಡಿ. ಆದರೆ ಲಕ್ವಾ ಆದ ಭುಜದ ಸುತ್ತಲಿನ ಸ್ನಾಯುಗಳು ಸತ್ತಂತೆ ಸಡಿಲವಾಗಿರುತ್ತವೆ, ತೋಳಿನ ಮೂಳೆ ಕೀಲಿನಿಂದ ಕೆಳಗೆ ಜಾರಿರುತ್ತದೆ, ಅಂಥ ಭುಜವನ್ನು ರಾಟಿಯಿಂದ ತಲೆಯ ಮೇಲೆ ಎಳೆದರೆ ಒಳಗಿನ ಮಾಂಸ ಚಿವುಟಿಕೊಂಡು ಗಾಯ ಆಗುತ್ತದೆ. ಇಪ್ಪತ್ತು ದಿನ ಕಳೆದು ನನ್ನ ಹತ್ತಿರ ಬಂದಾಗ ಮುತ್ಯಾ ಭುಜ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಮಾತು ಬರದ ಮನುಷ್ಯ, ನೋವು ಅಂತ ಹೇಳಲೂ ಆಗದೆ ಆ ಇಪ್ಪತ್ತು ದಿನ ಹಗ್ಗ ಎಳೆದಿದ್ದರು.

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಇದರಲ್ಲಿ ಯಾರೂ ಕೆಟ್ಟವರಿರಲಿಲ್ಲ. ಡಾಕ್ಟರು ತಮ್ಮ ಕೆಲಸ ಮಾಡಿದ್ದರು. ಮಗ ತನ್ನದು ಮಾಡಿದ್ದ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಆ 'ಅಷ್ಟೇ' ಒಂದು ಭುಜ ಕೆಡಿಸಿತ್ತು.

ಅಂದೇ ಮೊದಲ ಭೇಟಿಯಲ್ಲಿ ಸೊಸೆ ಕೇಳಿದ್ದು, "ಕರೆಂಟ್ ಹಚ್ತೀರಲ್ರಿ ಮೇಡಂ?"

ಈಗ ಕರೆಂಟಿನ ವಿಷಯಕ್ಕೆ ಬರುತ್ತೇನೆ. ಸ್ನಾಯುವಿನ ಮೇಲೆ ಪ್ಯಾಡ್ ಇಟ್ಟು ಸಣ್ಣ ವಿದ್ಯುತ್ ಹಾಯಿಸಿದರೆ ನರ ಕೆಲಸ ಮಾಡುತ್ತದೆ, ಸ್ನಾಯು ಕುಗ್ಗುತ್ತದೆ, ಕೈ ಏಳುತ್ತದೆ. ಆದರೆ ಲಕ್ವಾದಲ್ಲಿ ಕೆಟ್ಟಿರುವುದು ಕೈ ಅಲ್ವಲ್ಲ. ಕೈಗೆ ಹೇಳುವ ಮಿದುಳಿನ ಭಾಗ ಕೆಟ್ಟಿರುತ್ತದೆ. ಪೇಷಂಟ್ ಮಲಗಿಕೊಂಡು ಫ್ಯಾನ್ ನೋಡುತ್ತಿದ್ದು, ಯಂತ್ರ ತನ್ನಷ್ಟಕ್ಕೆ ತಾನು ಕೈ ಕುಣಿಸಿದರೆ ಮಿದುಳಿಗೆ ಅದರಿಂದ ಪಾಠ ಕಡಿಮೆ. ಅದೇ ಪೇಷಂಟ್ 'ಎತ್ತಬೇಕು' ಅಂತ ತಾನೂ ಪ್ರಯತ್ನಪಡುವ ಹೊತ್ತಿಗೆ ಸರಿಯಾಗಿ ಕರೆಂಟ್ ಬಂದು ಕೈ ಎತ್ತಿದರೆ ಕಥೆ ಬೇರೆ. ಕಳಿಸಿದ ಮಾತು, ನಡೆದ ಕೆಲಸ, ಎರಡೂ ಒಂದೇ ಕ್ಷಣದಲ್ಲಿ ಸೇರುತ್ತವೆ. ಉಳಿದಿರುವ ನರಗಳು ಹೊಸ ದಾರಿ ಕಟ್ಟಿಕೊಳ್ಳಲು ಶುರು ಮಾಡುವುದು ಹೀಗೆ.

ಇದು ಹೊಸ ಯೋಚನೆಯೇನೂ ಅಲ್ಲ. 1961ರಲ್ಲೇ ಲಿಬರ್ಸನ್ ಅನ್ನುವ ವೈದ್ಯರು ಪಾದ ಜೋಲುಬಿದ್ದವರ ಬೂಟಿನ ಹಿಮ್ಮಡಿಗೆ ಒಂದು ಸ್ವಿಚ್ ಇಟ್ಟರು. ಹಿಮ್ಮಡಿ ನೆಲ ಬಿಟ್ಟ ಕೂಡಲೇ ಮೊಣಕಾಲಿನ ಹೊರಗಡೆಯ ನರಕ್ಕೆ ಕರೆಂಟ್ ಹೋಗುತ್ತದೆ, ಪಾದ ಮೇಲೇಳುತ್ತದೆ, ಬೆರಳು ನೆಲಕ್ಕೆ ತಾಗಿ ಮುಗ್ಗರಿಸುವುದು ತಪ್ಪುತ್ತದೆ. ಇವತ್ತು ಮೊಣಕಾಲ ಕೆಳಗೆ ಪಟ್ಟಿಯ ಹಾಗೆ ಕಟ್ಟಿಕೊಳ್ಳುವ ಯಂತ್ರಗಳು ಬಂದಿವೆ. ಒಳಗಿನ ಕೆಲಸ ಅದೇ. ಕರೆಂಟ್ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ದೊಡ್ಡದು.

ಸೊಸೆಗೆ ಅವತ್ತು ಇಷ್ಟೆಲ್ಲಾ ಹೇಳಲಿಲ್ಲ. "ಹಚ್ತೀನಿ ರೀ, ಆದ್ರ ಮೊದಲ ಲೆಕ್ಕ ಕಲೀರಿ" ಅಂದೆ.

ಲೆಕ್ಕ ಯಾಕೆ ಅಂದರೆ, 2009ರಲ್ಲಿ ಕ್ಯಾಥರಿನ್ ಲ್ಯಾಂಗ್ ಅನ್ನುವ ಸಂಶೋಧಕಿ ಮತ್ತು ಅವರ ತಂಡದವರು ಒಂದು ಸರಳ ಕೆಲಸ ಮಾಡಿದರು. ಲಕ್ವಾ ರೋಗಿಗಳ ಥೆರಪಿ ನಡೆಯುವಾಗ ಪಕ್ಕದಲ್ಲಿ ಕೂತು ಎಣಿಸಿದರು. ಒಂದು ಹೊತ್ತಿನ ಥೆರಪಿಯಲ್ಲಿ ಸೋತ ಕೈಯಿಂದ ಉಪಯೋಗದ ಚಲನೆ ಎಷ್ಟು ಸಲ ಆಗುತ್ತದೆ ಅಂತ. ಸರಾಸರಿ 32. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮಿದುಳು ಬದಲಾಗಿದ್ದು ಕಂಡದ್ದು ದಿನಕ್ಕೆ 400ರಿಂದ 600 ಸಲ ಮಾಡಿಸಿದಾಗ. ಇದನ್ನು ಓದಿದ ವಾರ ನಾನೂ ನನ್ನ ಕ್ಲಿನಿಕ್‌ನಲ್ಲಿ ಎಣಿಸಿದೆ. 40 ದಾಟಿದ ದಿನ ಒಂದೂ ಇರಲಿಲ್ಲ. ಮಾತಾಡಿಸುವುದು, ಬಿ.ಪಿ. ನೋಡುವುದು, ಎಳೆತ ಕೊಡುವುದು, ಕರೆಂಟ್ ಹಚ್ಚುವುದು, ಇದರಲ್ಲೇ ಮುಕ್ಕಾಲು ಗಂಟೆ ಹೋಗುತ್ತಿತ್ತು. ಅವತ್ತಿನಿಂದ ನನ್ನ ಕೆಲಸದ ರೀತಿ ಬದಲಾಯಿತು.

ಜಾಸ್ತಿ ಮಾಡಬೇಕು ಅಂದ ಕೂಡಲೇ ಮೊದಲ ದಿನದಿಂದಲೇ ಎಬ್ಬಿಸಿ ನಡೆಸಬಾರದು. 2015ರಲ್ಲಿ ಬಂದ ಅವರ್ಟ್ ಅನ್ನುವ ಅಧ್ಯಯನದಲ್ಲಿ ಐದು ದೇಶಗಳ 2104 ರೋಗಿಗಳಿದ್ದರು. ಮೊದಲ 24 ಗಂಟೆಯ ಒಳಗೇ ಪದೇ ಪದೇ ಹಾಸಿಗೆಯಿಂದ ಎಬ್ಬಿಸಿದವರಲ್ಲಿ ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಕಡಿಮೆಯೇ ಆದರು. ಅದಕ್ಕೇ ಯಾವಾಗ, ಎಷ್ಟು ಅನ್ನುವುದನ್ನು ಡಾಕ್ಟರು ಮತ್ತು ನಾವು ಕೂತು ಮಾತಾಡಬೇಕು.

ಮುತ್ಯಾನ ಭುಜದ ನೋವು ಇಳಿಯಲು ಮೂರು ವಾರ ಹಿಡಿಯಿತು. ರಾಟಿ ಬಿಚ್ಚಿಸಿದೆ. ಕೈಗೆ ಆಧಾರ ಕೊಟ್ಟು ಕೂರುವುದು, ಮಲಗುವಾಗ ತೋಳಿನ ಕೆಳಗೆ ದಿಂಬು, ಎಬ್ಬಿಸುವಾಗ ಕೈ ಹಿಡಿಯದೆ ಬೆನ್ನು ಮತ್ತು ಸೊಂಟಕ್ಕೆ ಆಸರೆ, ಇಷ್ಟನ್ನು ಮಗನಿಗೆ ಹತ್ತು ಸಲ ಮಾಡಿ ತೋರಿಸಿದೆ. ಬೆರಳುಗಳಲ್ಲಿ ಸ್ವಲ್ಪ ಹಿಡಿತ ಬರತೊಡಗಿತು. ಆಗ ಅವರ ಮನೆಯ ವಸ್ತುಗಳನ್ನೇ ಸಾಲಾಗಿಟ್ಟೆ. ಮೊದಲು ಉಳ್ಳಾಗಡ್ಡಿ. ಬುಟ್ಟಿಯಿಂದ ಎತ್ತಿ ಪರಾತಿಗೆ ಹಾಕುವುದು. ಆಮೇಲೆ ನಿಂಬೆಹಣ್ಣು. ಆಮೇಲೆ ಸುಲಿಯದ ಶೇಂಗಾ. ಅದು ಬಂದ ಮೇಲೆ ತೊಗರಿ ಕಾಳು. ಒಂದು ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ, ಒಂದೊಂದೇ ಕಾಳು. ಎಣಿಸುವ ಕೆಲಸ ಎಂಟನೇ ಕ್ಲಾಸಿನ ಮೊಮ್ಮಗಳದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಆಯಾ ತಾರೀಖಿನ ಮನೆಯೊಳಗೆ ಪೆನ್ಸಿಲ್‌ನಿಂದ ಬರೆಯುತ್ತಿದ್ದಳು. 18. 25. 22. 40. ಆ ಕ್ಯಾಲೆಂಡರ್‌ನ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ.

ರೋಬೋ ಬಗ್ಗೆ ನನ್ನನ್ನು ಬಹಳ ಜನ ಕೇಳುತ್ತಾರೆ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬಂದವರು ಅಲ್ಲಿ ನೋಡಿದ ಯಂತ್ರದ ವಿಡಿಯೋ ತೋರಿಸುತ್ತಾರೆ. ರೋಬೋದ ದೊಡ್ಡ ಗುಣ ಅಂದರೆ ಅದಕ್ಕೆ ದಣಿವಿಲ್ಲ. ನಾನು 40 ಸಲ ಮಾಡಿಸುವ ಹೊತ್ತಿನಲ್ಲಿ ಅದು ನೂರಾರು ಸಲ ಮಾಡಿಸುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನೆವಿಲ್ ಹೋಗನ್, ಹರ್ಮಾನೊ ಕ್ರೆಬ್ಸ್ ಮತ್ತು ಜೊತೆಗಾರರು ಕಟ್ಟಿದ ಎಂಐಟಿ-ಮೇನಸ್ ಅನ್ನುವ ಯಂತ್ರ ಈ ದಾರಿಯಲ್ಲಿ ಮೊದಲಿನವುಗಳಲ್ಲಿ ಒಂದು. ಕೈಯನ್ನು ಅದರ ತೋಳಿಗೆ ಜೋಡಿಸಿದರೆ ಪರದೆಯ ಮೇಲಿನ ಗುರಿಯ ಕಡೆ ನೀವು ಕೈ ಚಾಚುತ್ತೀರಿ, ಎಲ್ಲಿ ಸೋಲುತ್ತೀರೋ ಅಲ್ಲಿ ಮಾತ್ರ ಅದು ಸಹಾಯ ಮಾಡುತ್ತದೆ.

ಇದನ್ನು ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ರ‍್ಯಾಟಲ್ಸ್ ಅಂತ ಅದರ ಹೆಸರು, ಫಲಿತಾಂಶ ಬಂದದ್ದು 2019ರಲ್ಲಿ. ವಾರಕ್ಕೆ ಮೂರು ದಿನ, 45 ನಿಮಿಷ, 12 ವಾರ. ಕೊನೆಗೆ ಅಳೆದಾಗ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ರೋಬೋ ಗುಂಪಿನವರ ಕೈ ಕೆಲಸ ಹೆಚ್ಚೇನೂ ಸುಧಾರಿಸಿರಲಿಲ್ಲ. ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು, ಯಾಕೆಂದರೆ ನಾನು ಇಂಥದ್ದೊಂದು ಯಂತ್ರ ಕಲಬುರಗಿಗೆ ಬರಲಿ ಅಂತ ಆಸೆ ಇಟ್ಟುಕೊಂಡಿದ್ದೆ. ಆಮೇಲೆ ಯೋಚಿಸುತ್ತಾ ಹೋದಂತೆ ನನಗೆ ಹೊಳೆದದ್ದು ಇದು. ಯಂತ್ರದ ಮುಂದೆ ಸಾವಿರ ಸಲ ಕೈ ಚಾಚಿದ ಮನುಷ್ಯ ಮನೆಗೆ ಹೋಗಿ ಎಡಗೈಯಲ್ಲೇ ನೀರು ಕುಡಿದರೆ, ಎಡಗೈಯಲ್ಲೇ ಗುಂಡಿ ಹಾಕಿಕೊಂಡರೆ, ಆ ಸಾವಿರ ಅಲ್ಲೇ ಕ್ಲಿನಿಕ್‌ನಲ್ಲೇ ಉಳಿಯುತ್ತದೆ. ಯಂತ್ರದಿಂದ ಅಡುಗೆಮನೆಗೆ, ಹೊಲಕ್ಕೆ ಅದನ್ನು ಸಾಗಿಸುವವರು ಯಾರಾದರೂ ಬೇಕು.

ಹಾಗಂತ ರೋಬೋ ಬೇಡ ಅನ್ನುತ್ತಿಲ್ಲ. ಐಐಟಿ ಮದ್ರಾಸ್ ಮತ್ತು ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಸೇರಿ ಪ್ಲೂಟೋ ಅಂತ ಕೈಗೆ ಒಂದು ಸಣ್ಣ ರೋಬೋ ಮಾಡಿದ್ದಾರೆ. ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಹಿಡಿಕೆ ಬದಲಿಸಿದರೆ ಮಣಿಕಟ್ಟಿಗೆ ಬೇರೆ, ಬೆರಳಿಗೆ ಬೇರೆ. ನನಗೆ ಅದರಲ್ಲಿ ಇಷ್ಟವಾದದ್ದು ಯಂತ್ರಕ್ಕಿಂತ ಅದು ಹುಟ್ಟಿದ ರೀತಿ. ಇಂಜಿನಿಯರ್‌ಗಳು ಮತ್ತು ದಿನಾ ರೋಗಿಗಳ ಕೈ ಹಿಡಿಯುವವರು ಒಟ್ಟಿಗೆ ಕೂತು ಮಾಡಿದ ಕೆಲಸ ಅದು. ಇಂಥದ್ದೊಂದು ನಮ್ಮ ಜಿಲ್ಲೆಗೆ ಬಂದರೆ, ಅದನ್ನು ಬಳಸಲು ಕಲಿಯುವವರಲ್ಲಿ ನಾನು ಮೊದಲ ಸಾಲಿನಲ್ಲಿರುತ್ತೇನೆ.

ಇನ್ನು ಮಿದುಳಿಗೆ, ನರಕ್ಕೆ ಜೋಡಿಸುವ ಯಂತ್ರಗಳು. ಕಟ್ಟಡದ ಕೆಲಸ ಮಾಡುವಾಗ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಒಬ್ಬ ಹುಡುಗನ ತಾಯಿ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಕಳಿಸಿ ಕೇಳಿದರು, "ಇದು ನಮ್ಮ ಹುಡುಗಗ ಆಗ್ತದೇನ್ರಿ ಮೇಡಂ? ಖರೇ ಹೇಳ್ರಿ." ವಿಡಿಯೋದಲ್ಲಿ ಒಬ್ಬ ಮನುಷ್ಯ ಊರುಗೋಲು ಹಿಡಿದು ನಡೆಯುತ್ತಿದ್ದಾನೆ. ಅದು ಸುಳ್ಳಲ್ಲ. 2023ರಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟಿನ್ ಅನ್ನುವ ನರವಿಜ್ಞಾನಿ ಮತ್ತು ಜೋಸ್ಲಿನ್ ಬ್ಲೋಕ್ ಅನ್ನುವ ನರಶಸ್ತ್ರಚಿಕಿತ್ಸಕಿ, ಫ್ರಾನ್ಸ್‌ನ ಗ್ರೆನೋಬಲ್‌ನ ತಂತ್ರಜ್ಞರ ಜೊತೆ ಸೇರಿ ಮಾಡಿದ್ದು. ನಡೆಯಬೇಕು ಅನ್ನುವ ಯೋಚನೆಯನ್ನು ಮಿದುಳಿನ ಮೇಲಿಟ್ಟ ಸಾಧನ ಓದುತ್ತದೆ, ಪೆಟ್ಟಾದ ಜಾಗವನ್ನು ದಾಟಿ ಕೆಳಗಿನ ಬೆನ್ನುಹುರಿಗೆ ಕಳಿಸುತ್ತದೆ, ಅಲ್ಲಿಟ್ಟ ಸಾಧನ ಕಾಲಿನ ಸ್ನಾಯುಗಳನ್ನು ಎಬ್ಬಿಸುತ್ತದೆ. ಡಿಜಿಟಲ್ ಸೇತುವೆ ಅಂತ ಅದಕ್ಕೆ ಹೆಸರಿಟ್ಟರು. ಆದರೆ ಅದನ್ನು ಮಾಡಿದ್ದು ಒಬ್ಬ ಮನುಷ್ಯನಲ್ಲಿ, ಎರಡು ಕಡೆ ಶಸ್ತ್ರಚಿಕಿತ್ಸೆ ಮಾಡಿ, ತಿಂಗಳುಗಟ್ಟಲೆ ತರಬೇತಿ ಕೊಟ್ಟು. ಆ ತಾಯಿಗೆ ಇದನ್ನೆಲ್ಲಾ ಕೂರಿಸಿಕೊಂಡು ಹೇಳಿದೆ. "ಈಗ ಆಗಲ್ಲ ರೀ ಅಕ್ಕಾ. ಆದ್ರ ಮುಂದ ಇಂಥದ್ದು ಬಂದಾಗ ಅವನ ಕಾಲು, ಕೀಲು, ಚರ್ಮ, ಮೂತ್ರಕೋಶ ಎಲ್ಲಾ ಚಂದ ಇರಬೇಕು. ಅದು ನಮ್ಮ ಕೈಯಾಗ ಅದ." ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಆ ತಾಯಿ ಒಂದು ರಾತ್ರಿಯೂ ತಪ್ಪಿಸಿಲ್ಲ.

ಲಕ್ವಾಗೂ ಇಂಥವು ಬಂದಿವೆ. 2021ರಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಎಫ್‌ಡಿಎ ಸಂಸ್ಥೆ ಎರಡಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ಇಪ್ಸಿಹ್ಯಾಂಡ್, ತಲೆಯ ಮೇಲಿನಿಂದಲೇ ಮಿದುಳಿನ ಅಲೆಗಳನ್ನು ಓದಿ ಕೈಗೆ ಹಾಕಿದ ಸಾಧನವನ್ನು ತೆರೆಯುವುದು, ಮುಚ್ಚುವುದು. ಇನ್ನೊಂದು ವಿವಿಸ್ಟಿಮ್. ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ತರಹದ ಸಾಧನ ಇಟ್ಟು, ಮಿದುಳಿನಿಂದ ಕುತ್ತಿಗೆಯ ಮೂಲಕ ಇಳಿಯುವ ವೇಗಸ್ ಅನ್ನುವ ನರಕ್ಕೆ ತಂತಿ ಜೋಡಿಸುತ್ತಾರೆ. ರೋಗಿ ಕೈ ಚಾಚುವ ಹೊತ್ತಿಗೆ ಥೆರಪಿಸ್ಟ್ ಗುಂಡಿ ಒತ್ತಿದರೆ ನರಕ್ಕೆ ಅರ್ಧ ಸೆಕೆಂಡಿನ ಸಣ್ಣ ತಟ್ಟು. 108 ಜನರ ಅಧ್ಯಯನದಲ್ಲಿ, ಗಮನಿಸುವಷ್ಟು ಸುಧಾರಿಸಿದವರು ತಟ್ಟು ಸಿಕ್ಕ ಗುಂಪಿನಲ್ಲಿ ಶೇಕಡಾ 47, ಬರೀ ಥೆರಪಿ ಪಡೆದ ಗುಂಪಿನಲ್ಲಿ 24. ಅವರೆಲ್ಲರಿಗೂ ಲಕ್ವಾ ಆಗಿ ಕಡಿಮೆ ಅಂದರೂ ಒಂಬತ್ತು ತಿಂಗಳು ಆಗಿತ್ತು. 'ಆರು ತಿಂಗಳಾದ ಮೇಲೆ ಏನೂ ಬರಲ್ಲ' ಅಂತ ಹೇಳಿ ಕಳಿಸಿದವರನ್ನು ನಾನು ದಿನಾ ನೋಡುತ್ತೇನೆ, ಅವರ ಸಲುವಾಗಿ ಈ ಸುದ್ದಿ ನನಗೆ ಬಹಳ ದೊಡ್ಡದು. ಆದರೆ ಅಲ್ಲೂ ನೋಡಿ. ಪ್ರತಿ ಸಲ ಕೂತಾಗ ರೋಗಿ ನೂರಾರು ಬಾರಿ ಕೈ ಆಡಿಸಬೇಕು. ತಟ್ಟು ಆ ಪ್ರಯತ್ನದ ಜೊತೆಗೇ ಬರಬೇಕು. 1961ರ ಬೂಟಿನ ಸ್ವಿಚ್‌ನದೇ ಮಾತು ಮತ್ತೆ.

ಅಷ್ಟು ದುಡ್ಡಿಲ್ಲದ ನಾವು ಏನು ಮಾಡುತ್ತೇವೆ? ಕನ್ನಡಿ ಇಡುತ್ತೇವೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕೈ ಕಳೆದುಕೊಂಡವರಿಗೆ ಆ ಇಲ್ಲದ ಕೈಯಲ್ಲಿ ಬರುವ ನೋವಿಗೆ ಕನ್ನಡಿ ಬಳಸಿದರು, 1999ರಲ್ಲಿ ಅದನ್ನು ಲಕ್ವಾಗೂ ಪ್ರಯತ್ನಿಸಿದ ವರದಿ ಬಂತು. ಎದೆಯ ಮುಂದೆ, ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಸೋತ ಕೈ ಕನ್ನಡಿಯ ಹಿಂದೆ, ಒಳ್ಳೆಯ ಕೈ ಮುಂದೆ. ಒಳ್ಳೆಯ ಕೈ ಆಡಿಸಿದರೆ ಕನ್ನಡಿಯಲ್ಲಿ ಸೋತ ಕೈ ಆಡಿದ ಹಾಗೆ ಕಾಣುತ್ತದೆ, ಮಿದುಳು ಅದನ್ನು ನಂಬುತ್ತದೆ. ನಾನು ಸೂಪರ್ ಮಾರ್ಕೆಟ್‌ನಲ್ಲಿ ಒಂದು ದೊಡ್ಡ ಕನ್ನಡಿ ತಂದು, ಬಡಗಿಯ ಹತ್ತಿರ ಅಡ್ಡ ಕಾಲು ಹಾಕಿಸಿದೆ. ಹತ್ತಾರು ಮನೆ ತಿರುಗಿದೆ ಆ ಕನ್ನಡಿ.

ಇನ್ನೊಂದು, ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ರೂಪಿಸಿದ ವಿಧಾನ. ಒಳ್ಳೆಯ ಕೈಗೆ ಚೀಲ ಹಾಕಿ ಕಟ್ಟಿಬಿಡುವುದು, ಎಚ್ಚರವಿರುವ ಹೊತ್ತೆಲ್ಲಾ ಸೋತ ಕೈಯನ್ನೇ ಬಳಸುವಂತೆ ಮಾಡುವುದು. 2006ರಲ್ಲಿ 222 ಜನರ ಅಧ್ಯಯನದಲ್ಲಿ ಎರಡೇ ವಾರದಲ್ಲಿ ಗಟ್ಟಿ ಫಲಿತಾಂಶ ಬಂತು. ಎಲ್ಲರಿಗೂ ಆಗುವುದಿಲ್ಲ, ಮಣಿಕಟ್ಟು ಮತ್ತು ಬೆರಳು ಸ್ವಲ್ಪವಾದರೂ ಏಳಬೇಕು. ನಮ್ಮಲ್ಲಿ ಇದಕ್ಕೆ ಒಂದು ಬಲವಾದ ಕಾರಣ ತಾನಾಗಿಯೇ ಇದೆ. ಎಡಗೈಯಲ್ಲಿ ಉಣ್ಣುವುದು ನಮ್ಮ ಹಿರಿಯರಿಗೆ ಸಂಕಟ. ಮದುವೆಮನೆಯ ಪಂಕ್ತಿಯಲ್ಲಿ ಕೂರಬೇಕಾಗುತ್ತದೆ ಅಂತಲೇ ಮದುವೆಗೆ ಹೋಗದವರಿದ್ದಾರೆ. ನಾನು ಕೇಳುವ ಮೊದಲ ಪ್ರಶ್ನೆ, "ಯಾವ ಕೆಲಸ ಬಲಗೈಲಿ ಮಾಡಬೇಕು ಅಂತ ಆಸೆ ಅದ?" ನೂರರಲ್ಲಿ ತೊಂಬತ್ತು ಜನ ಹೇಳುವುದು ರೊಟ್ಟಿ ಮುರಿಯಬೇಕು ಅಂತ.

ಮುತ್ಯಾಗೆ ಅದನ್ನು ಹೇಳಲೂ ಆಗುತ್ತಿರಲಿಲ್ಲ. ನಾವು ಹೇಳಿದ್ದೆಲ್ಲಾ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಒಂದೇ ಶಬ್ದ, 'ಬಾ ಬಾ'. ಇಲ್ಲಿಗೆ ನನ್ನ ಕೈಲಾಗುವುದು ಮುಗಿಯಿತು, ನನಗೆ ಮಾತು ಕಲಿಸುವ ವಿದ್ಯೆ ಗೊತ್ತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿರುವ ಗೆಳತಿಗೆ ಫೋನ್ ಮಾಡಿದೆ. ಅವಳು ವಿಡಿಯೋ ಕಾಲ್‌ನಲ್ಲಿ ಬಂದಳು. ಮೊದಲು ಒಂದು ಆ್ಯಪ್ ಹಾಕಿಸಿದಳು. ಅದರಲ್ಲಿ ಫೋರ್ಕು, ಟೋಸ್ಟರ್, ಹಿಮದ ಗೊಂಬೆ. ಮುತ್ಯಾ ಮುಖ ತಿರುಗಿಸಿದರು. ಎರಡನೇ ವಾರ ಮೊಮ್ಮಗಳೇ ಮನೆಯ ವಸ್ತುಗಳ ಫೋಟೋ ತೆಗೆದಳು. ಚರಿಗಿ, ಗಂಗಾಳ, ಹಂಚು, ಬಾರಕೋಲು, ಕುಡಗೋಲು, ಕರಿ ಎತ್ತು. ಗೆಳತಿ ಮಂಡ್ಯದವಳು, ಅರ್ಧ ಹೆಸರು ಅವಳಿಗೇ ಹೊಸದು. ಮೊಮ್ಮಗಳು ಅವಳಿಗೆ ಕಲಿಸಿದಳು, ಅವಳು ಮುತ್ಯಾಗೆ ಕಲಿಸಿದಳು.

ಆಮೇಲೆ ಗೆಳತಿ ಒಂದು ಪ್ರಶ್ನೆ ಕೇಳಿದಳು, "ಮೊದಲು ಹಾಡುತ್ತಿದ್ದರಾ?" ಅವ್ವ, ಅಂದರೆ ಮುತ್ಯಾನ ಹೆಂಡತಿ, ಹೇಳಿದರು, ಪ್ರತಿ ಸೋಮವಾರ ಗುಡಿಯಲ್ಲಿ ಭಜನೆ, ತತ್ವಪದ ಹಾಡುತ್ತಿದ್ದರು. ಮಾತಿನ ಜಾಗ ಹೆಚ್ಚಿನವರಲ್ಲಿ ಮಿದುಳಿನ ಎಡಭಾಗದಲ್ಲಿ, ಹಾಡಿನ ರಾಗಕ್ಕೆ ಬಲಭಾಗವೂ ಕೈಜೋಡಿಸುತ್ತದೆ, ಅದಕ್ಕೇ ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತದೆ. 1973ರಿಂದಲೂ ಈ ದಾರಿಯಲ್ಲಿ ಒಂದು ಚಿಕಿತ್ಸೆ ಇದೆ. ಅವ್ವ ತಾಳ ಹಿಡಿದು ಒಂದು ಪದ ಎತ್ತಿದರು. ಎರಡನೇ ಸಾಲಿಗೆ ಮುತ್ಯಾ ಸೇರಿಕೊಂಡರು. ಪೂರ್ತಿ ಶಬ್ದಗಳು, ಸರಿಯಾದ ರಾಗ. ಅಲ್ಲಿದ್ದ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಂಗಳೂರಿನಲ್ಲಿ ಪರದೆಯ ಆ ಕಡೆ ಗೆಳತಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆವತ್ತೇ ನಾವು ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದೆವು. ಮಗ, ಸೊಸೆ, ಮೊಮ್ಮಗಳು ಬಳಸುವ ಫೋನು, ನಾನು, ಗೆಳತಿ. ಡಾಕ್ಟರನ್ನು ಕೇಳಿದಾಗ ಮೊದಲು ಹಿಂಜರಿದರು, ರೋಗಿಗಳು ಬಹಳ, ಎಲ್ಲಾ ಗುಂಪು ನೋಡಲಾಗುವುದಿಲ್ಲ ಅಂದರು. ವಾರಕ್ಕೆ ಒಂದೇ ಸಲ, ಭಾನುವಾರ ನಾನು ನಾಲ್ಕು ಸಾಲು ಬರೆಯುತ್ತೇನೆ ಅಂದೆ. ಒಪ್ಪಿದರು.

ಎರಡನೇ ಭಾನುವಾರವೇ ಅದರ ಉಪಯೋಗ ಆಯಿತು. ಬೆಳಗಿನ ಲೆಕ್ಕ ಒಮ್ಮೆಲೇ ಕುಸಿದಿತ್ತು. 150 ಇದ್ದದ್ದು 60. ಸಂಜೆಯದು ಚೆನ್ನಾಗಿತ್ತು. ಮೊಮ್ಮಗಳು ಬರೆದಳು, "ಮುತ್ಯಾ ಮುಂಜಾನಿ ತೂಕಡಸ್ತಾನ." ನಾನು ಮಾತ್ರೆ ನೋಡಿದೆ. ಕೈಯ ಬಿಗಿತ ಕಡಿಮೆಯಾಗಲಿ ಅಂತ ಡಾಕ್ಟರು ಬ್ಯಾಕ್ಲೋಫೆನ್ ಶುರು ಮಾಡಿದ್ದರು. ಅದು ನಿದ್ದೆ ತರುತ್ತದೆ. ಬೆಳಗಿನ ಡೋಸು ಸರಿಯಾಗಿ ವ್ಯಾಯಾಮದ ಹೊತ್ತಿಗೆ ಬೀಳುತ್ತಿತ್ತು. ಡಾಕ್ಟರು ಡೋಸು, ಹೊತ್ತು ಎರಡನ್ನೂ ಸರಿಪಡಿಸಿದರು, ಹಾಗೇ ಒಮ್ಮೆಲೇ ನಿಲ್ಲಿಸಬೇಡಿ ಅಂತಲೂ ಎಚ್ಚರಿಸಿದರು. ವಾರದೊಳಗೆ ಲೆಕ್ಕ 170. ಕ್ಯಾಲೆಂಡರ್‌ನಲ್ಲಿ ಸಂಖ್ಯೆ ಬರೆಯದೇ ಇದ್ದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು? ಮುತ್ಯಾಗೆ ವಯಸ್ಸಾಯಿತು, ಉಮೇದಿ ಹೋಯಿತು ಅಂತ ಮಾತಾಡಿಕೊಳ್ಳುತ್ತಿದ್ದೆವು.

ಕುಟುಂಬದವರಿಗೆ ಕಲಿಸಿ ಬಿಟ್ಟರೆ ಸಾಕು ಅನ್ನುವವರಿಗೆ ಒಂದು ವಿಷಯ ಹೇಳಬೇಕು. ನಮ್ಮ ದೇಶದಲ್ಲೇ ಇದನ್ನು ಪರೀಕ್ಷೆ ಮಾಡಿದ್ದಾರೆ. ಅಟೆಂಡ್ ಅನ್ನುವ ಅಧ್ಯಯನ, 14 ಆಸ್ಪತ್ರೆ, 1250 ರೋಗಿಗಳು, ಫಲಿತಾಂಶ 2017ರಲ್ಲಿ ಬಂತು. ಮನೆಯವರಿಗೆ ತರಬೇತಿ ಕೊಟ್ಟ ಗುಂಪಿನಲ್ಲೂ, ಕೊಡದ ಗುಂಪಿನಲ್ಲೂ ಆರು ತಿಂಗಳಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಶೇಕಡಾ 47. ಎರಡರಲ್ಲೂ ಅಷ್ಟೇ. ಆದರೆ 2019ರಲ್ಲಿ ಬಂದ, ಅಮೆರಿಕದ 11 ಕಡೆ, 124 ಜನರಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಕೈ ವ್ಯಾಯಾಮ ಮಾಡಿದವರು ಕ್ಲಿನಿಕ್‌ಗೆ ಬಂದವರಷ್ಟೇ ಸುಧಾರಿಸಿದರು. ಅಲ್ಲಿ ಪರದೆಯ ಆ ಕಡೆ ಥೆರಪಿಸ್ಟ್ ಇದ್ದರು. ಎರಡೂ ಅಧ್ಯಯನ ಬೇರೆ ಬೇರೆ, ಒಂದಕ್ಕೊಂದು ನೇರ ಹೋಲಿಸಬಾರದು ಅಂತ ನನಗೆ ಗೊತ್ತು. ಆದರೂ ಹದಿಮೂರು ವರ್ಷ ನಾನು ನೋಡಿದ್ದು ಇದಕ್ಕೆ ಹೊಂದುತ್ತದೆ. ಮನೆಯವರು ಮಾಡುತ್ತಾರೆ, ಖಂಡಿತ ಮಾಡುತ್ತಾರೆ, ನೋಡುವ ಒಬ್ಬರು ಬೇಕು. ಇಲ್ಲದಿದ್ದರೆ ಆ ಪ್ರೀತಿಯೆಲ್ಲಾ ರಾಟಿಗೆ ಕಟ್ಟಿದ ಹಗ್ಗ ಆಗುತ್ತದೆ.

ನಮ್ಮ ಭಾಗಕ್ಕೆ ಇದು ಯಾಕೆ ಜಾಸ್ತಿ ಮುಖ್ಯ ಅಂದರೆ, ಆಳಂದದಿಂದ ಇಲ್ಲಿಗೆ 40 ಕಿಲೋಮೀಟರ್‌ಗಿಂತ ಮೇಲೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸಿನಲ್ಲಿ ಪುಕ್ಕಟೆ ಬರುತ್ತಾರೆ, ಲಕ್ವಾ ಆದ ಅತ್ತೆಯನ್ನು ಕರೆದುಕೊಂಡು ಸೊಸೆ ಬರುವುದು ಖಂಡಿತ ಹೆಚ್ಚಾಗಿದೆ. ಆದರೆ ನಿಲ್ಲಲಾಗದವರನ್ನು ಬಸ್ ಹತ್ತಿಸುವುದು ಹೇಗೆ? ಗಾಡಿ ಮಾಡಿದರೆ ನನ್ನ ಫೀಸಿಗಿಂತ ಅದರ ಬಾಡಿಗೆಯೇ ಎಷ್ಟೋ ಪಟ್ಟು. ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ. ಹಾಗಾಗಿ ಎರಡು ವಾರ ಬಂದು ಮೂರನೇ ವಾರ ನಿಲ್ಲಿಸುತ್ತಾರೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಶುರು ಮಾಡಿದ ಮಿದುಳು ಆರೋಗ್ಯದ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟರು. ನನ್ನ ಆಸೆ ಏನೆಂದರೆ ಅಂಥ ಕೊಂಡಿಯಲ್ಲಿ ಫಿಸಿಯೋ, ಮಾತಿನ ಚಿಕಿತ್ಸಕರು, ಆಶಾ ಅಕ್ಕಂದಿರು ಎಲ್ಲರೂ ಇರಬೇಕು, ಡಿಸ್ಚಾರ್ಜ್ ಆದ ದಿನವೇ ಊರಿನ ಆಶಾ ಅಕ್ಕನಿಗೆ ಒಂದು ಮೆಸೇಜ್ ಹೋಗಬೇಕು, 'ಇವರ ಬಲಗೈ ಹಿಡಿದು ಎಳೆಯಬೇಡಿ' ಅಂತ. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಮೆಸೇಜ್ ಸಾಕು. ನಾನೀಗ ನನ್ನ ಎಲ್ಲಾ ಪೇಷಂಟ್‌ಗಳಿಗೂ ಒಂದು ಹಾಳೆ ಕೊಡುತ್ತೇನೆ, ದೊಡ್ಡ ಅಕ್ಷರದಲ್ಲಿ, ಚಿತ್ರ ಬಿಡಿಸಿ, ಏನು ಮಾಡಬಾರದು ಅಂತ. ಬೇಕಾದವರು ಕೇಳಿ, ಕಳಿಸುತ್ತೇನೆ. ಉರ್ದುವಿನಲ್ಲೂ ಇದೆ.

ಮುತ್ಯಾಗೆ ಈಗ ಐದು ತಿಂಗಳು. ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರೆ. ಪಾದ ಇನ್ನೂ ಜೋಲುಬೀಳುತ್ತದೆ. ಹೋದ ವಾರ ಪಾದ ಎತ್ತಿಸುವ ಕರೆಂಟಿನ ಯಂತ್ರ ಎರವಲು ಸಿಕ್ಕಿತು, ಮಂಗಳವಾರ ಅವರ ಊರಿಗೇ ತೆಗೆದುಕೊಂಡು ಹೋದೆ. ಮೊಣಕಾಲ ಕೆಳಗೆ ಪ್ಯಾಡ್ ಇಟ್ಟು ಜಾಗ ಹುಡುಕುವಾಗ ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಕಡೀಗೂ ಕರೆಂಟ್ ಹಚ್ಚಿದ್ರಿ ನೋಡ್ರಿ ಮೇಡಂ" ಅಂದರು. ಮುತ್ಯಾ ಎಂಟು ಹೆಜ್ಜೆ ಬೆರಳು ಎಡವದೆ ಹಾಕಿದರು. ಒಂಬತ್ತನೆಯದಕ್ಕೆ ನಿಂತು, ನನ್ನ ಕಡೆ ನೋಡಿ, "ಹೊಲ" ಅಂದರು. ಹೊಲಕ್ಕೆ ಹೋಗಬೇಕಂತೆ. ಮುಂಗಾರಿಗೆ ಮೊದಲು ಬದುವಿನ ತನಕ ಹೋಗುವುದು ಅಂತ ಗುಂಪಿನಲ್ಲಿ ಹೊಸ ಗುರಿ ಬರೆದಿದ್ದೇವೆ.

ರೊಟ್ಟಿ ಇನ್ನೂ ಪೂರ್ತಿ ಬಂದಿಲ್ಲ. ಮೆತ್ತನೆಯ ಬಿಸಿ ರೊಟ್ಟಿ ಹರಿಯುತ್ತಾರೆ, ಕಡಕ್ ರೊಟ್ಟಿ ಮುರಿಯುವಾಗ ಕೈ ಜಾರುತ್ತದೆ.

ನಿನ್ನೆ ರಾತ್ರಿ ಒಂಬತ್ತಕ್ಕೆ ಮೊಮ್ಮಗಳ ಮೆಸೇಜ್ ಬಂತು. "ಮೇಡಂ ಇವತ್ತ 311. ಅದರಾಗ ನಾಕು ಕಾಳು ಕೋಳಿ ತಿಂದದ. ಅವು ಲೆಕ್ಕಕ್ಕ ಹಿಡೀಲೇನ್ರಿ?"

ಮುತ್ಯಾ ಎತ್ತಿ ಹಾಕಿದ ಮೇಲೆ ತಿಂತೋ, ಮೊದಲೇ ತಿಂತೋ ಅಂತ ಕೇಳಿದೆ.

"ಹಾಕಿದ ಮ್ಯಾಲ."

ಹಾಗಾದರೆ ಹಿಡಿ ಅಂದೆ.